ವಾಪಸು ಬಂದ ಹಬ್ಬದ ಡಬ್ಬಿಗಳು

ಕೊರಿಯರ್ ಶಾಖೆಯಿಂದ ಫೋನು ಬಂದಾಗ ನಾನು ಬೀದರಿನ ಮೈಲೂರು ಬಡಾವಣೆಯ ಮನೆಯ ಪಡಸಾಲೆಯಲ್ಲಿ ಕುಳಿತು ಎಳ್ಳುಂಡಿಗಳನ್ನು ತೂಗುತ್ತಿದ್ದೆ. ನಾನು ಕಳಿಸಿದ ಪಾರ್ಸಲ್ ಒಂದು ವಾಪಸು ಬಂದಿದೆ, ಬಂದು ಒಯ್ಯಿರಿ ಎಂದಷ್ಟೇ ಹೇಳಿ ಫೋನಿಟ್ಟರು. ಹೋದೆ. ಶಾಖೆಯಲ್ಲಿ ಗಿರಾಕಿಗಳಿಗೆಂದು ಇದ್ದ ಒಂದೇ ಕುರ್ಚಿಯ ಮೇಲೆ ವ್ಯವಸ್ಥಾಪಕರ ಚೀಲ ಕುಳಿತಿತ್ತು. ಶಾಲೆಯ ಕೆಲಸದಿಂದ ನಿವೃತ್ತಳಾಗಿ ಅರವತ್ತಮೂರು ದಾಟಿದ ನಾನು ಇಪ್ಪತ್ತು ನಿಮಿಷ ನಿಂತೇ ಇದ್ದೆ. ಕೊನೆಗೆ ಅವರು ಸ್ಟೀಲಿನ ಡಬ್ಬಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ದೂಡಿ, ಪಕ್ಕದಲ್ಲಿದ್ದ ಇಬ್ಬರಿಗೆ ಕೇಳುವಂತೆ, “ಟೀಚರ್ ಬಾಯಿಯವರದು ಟೈಂಪಾಸ್ ಬಿಸಿನೆಸ್ ಅದಾರಿ” ಎಂದರು. ಆ ಮಾತನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವರು ಅದನ್ನು ಇಂದಿನವರೆಗೂ ಹಿಂತೆಗೆದುಕೊಂಡಿಲ್ಲ.

ಮನೆಗೆ ಬಂದು ಮುಚ್ಚಳ ತೆಗೆದೆ. ನಾನು ಇಟ್ಟ ಹನ್ನೆರಡು ಉಂಡಿಗಳು ಇರಲಿಲ್ಲ. ಕುಬಸದ ಖಣ ಇರಲಿಲ್ಲ, ಬಳೆ ಇರಲಿಲ್ಲ. ತಳದಲ್ಲಿ ಎರಡು ಬೊಗಸೆಯಷ್ಟು ಇಡಿ ತೊಗರಿ ಬಿದ್ದಿತ್ತು. ಅದಕ್ಕೂ ಬೂದಿ ಮೆತ್ತಿತ್ತು. ಉಂಡಿ ತಿಂದು ಬೂದಿ ಕಳಿಸಿದ್ದಾರೆ ಎಂದುಕೊಂಡೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಔರಾದ ತಾಲೂಕಿನ ಚಿಂತಾಕಿಯ ವಿಳಾಸವಿತ್ತು. ದಿನ, ಊರು, ಒಳಗಿದ್ದ ವಸ್ತು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಕಾಳನ್ನು ಎಸೆಯುವುದು ನನ್ನಿಂದ ಆಗದು. ತೊಳೆದು, ಗುರುವಾರ ಬೇಯಿಸಿ ಉಂಡೆ. ಅದನ್ನೂ ಬರೆದೆ.

ಎರಡು ಮಳೆಗಾಲ ಸಾಲಾಗಿ ಕೈಕೊಟ್ಟ ಕಾಲ ಅದು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಾಗರ ಪಂಚಮಿಗೆ ತವರಿನಿಂದ ಮಗಳಿಗೆ ಉಂಡಿ ಹೋಗುವುದು ನಮ್ಮ ರೂಢಿ. ಆ ವರ್ಷ ರೂಢಿ ತಿರುವುಮುರುವಾಗಿತ್ತು: ದುಡಿಯಲು ಹೋದ ಮಗಳೇ ತವರಿಗೆ ಏನಾದರೂ ಕಳಿಸಬೇಕೆನ್ನುತ್ತಿದ್ದಳು, ಹಬ್ಬಕ್ಕೆ ಬರಲು ಆಕೆಗೆ ರಜೆ ಇರಲಿಲ್ಲ. ಇದನ್ನು ಕಂಡೇ ನಾನು ಒಂದು ಆನ್‌ಲೈನ್ ಮಾರಾಟದ ತಾಣದಲ್ಲಿ ‘ಹಬ್ಬದ ಡಬ್ಬಿ’ ಎಂಬ ಉಡುಗೊರೆಯನ್ನು ಮಾರಲಿಟ್ಟಿದ್ದೆ. ಭಾಲ್ಕಿಯಲ್ಲಿರುವ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಐವರು ಹೆಂಗಸರನ್ನು ಕೂಡಿಸಿಕೊಂಡು ಉಂಡಿ ಕಟ್ಟುತ್ತಿದ್ದಳು. ಹೊಲದ ಕೆಲಸ ನಿಂತ ಮೇಲೆ ಆ ಐವರೂ ಊರು ಬಿಡಲು ಗಂಟುಮೂಟೆ ಕಟ್ಟಿದವರು. ಈ ಕೆಲಸ ಸಿಕ್ಕಿತೆಂದು ನಿಂತಿದ್ದರು. ವಾಪಸು ಹೆಚ್ಚಾಗಿ ತಾಣ ನನ್ನ ಖಾತೆಯನ್ನು ಮುಚ್ಚಿದರೆ ಅವರು ಮರುದಿನವೇ ಬಸ್ಸು ಹತ್ತುತ್ತಾರೆಂಬುದು ನನಗೆ ಗೊತ್ತಿತ್ತು. ಮೈದುನ ಇದನ್ನೆಲ್ಲ ‘ಲಾಡು ಪೋಸ್ಟ್’ ಎಂದು ಕರೆದು ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ನಗಿಸಿದ್ದ. ಅದೂ ನೆನಪಿದೆ.

ಡಬ್ಬಿ ಏಕೆ ಎಂಬುದನ್ನು ಹೇಳಬೇಕು. ಮೊದಲು ರಟ್ಟಿನ ಪೆಟ್ಟಿಗೆಯಲ್ಲೇ ಪ್ರಯತ್ನಿಸಿದ್ದೆ. ಪ್ರತಿ ಮಾದರಿಯನ್ನೂ ಕಿಟಕಿಯ ಎತ್ತರದಿಂದ ಅಂಗಳದ ಪರಸಿ ಕಲ್ಲಿಗೆ ಮೂರು ಸಲ ಕೆಡವುತ್ತಿದ್ದೆ: ಒಮ್ಮೆ ತಳ ಕೆಳಗಾಗಿ, ಒಮ್ಮೆ ಅಂಚು, ಒಮ್ಮೆ ಮೂಲೆ. ರಟ್ಟಿನಲ್ಲಿ ಬೇಸನ್ ಉಂಡಿ ಮೊದಲ ಸಲ ಬಿದ್ದಾಗಲೇ ಹಿಟ್ಟಾಯಿತು. ಶೇಂಗಾ ಉಂಡಿ ಮೂಲೆಯ ಮೇಲೆ ಬಿದ್ದಾಗ ಒಡೆಯಿತು. ಬೇಸನ್ನನ್ನು ಬಿಟ್ಟೆ. ಮುಚ್ಚಳವಿರುವ ಸ್ಟೀಲ್ ಡಬ್ಬಿ ತಂದು, ಉಂಡಿಗಳ ನಡುವೆ ಹುರಿದು ಅರಳಿಸಿದ ಜೋಳದ ಅಳ್ಳು ತುಂಬಿದೆ. ಅಳ್ಳು ಪಂಚಮಿಯ ತಿನಿಸೂ ಹೌದು, ಉಂಡಿಗೆ ಮೆತ್ತೆಯೂ ಹೌದು. ಮೂರು ಸಲ ಕೆಡವಿದರೂ ಒಂದೂ ಒಡೆಯಲಿಲ್ಲ. ಶೇಂಗಾವನ್ನು ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ನಾನೇ ಆರಿಸಿ ಭಾಲ್ಕಿಗೆ ಕಳಿಸುತ್ತಿದ್ದೆ, ಉಂಡಿಗಳು ಬೆಳಗಿನ ಬಸ್ಸಿನಲ್ಲಿ ಮೈಲೂರಿಗೆ ಬರುತ್ತಿದ್ದವು. ಕಾರಹುಣ್ಣಿಮೆಯ ಹೊತ್ತಿಗೆ ಬುಕಿಂಗ್ ಚೆನ್ನಾಗಿ ಬರತೊಡಗಿತ್ತು.

ಮೊದಲ ಡಬ್ಬಿಯ ನಂತರ ಎಂಟು ದಿನಗಳಲ್ಲಿ ಮತ್ತೆ ಮೂರು ವಾಪಸಾದವು. ಒಂದರಲ್ಲಿ ಕುಂಕುಮ ಹಚ್ಚಿದ ಬೆಲ್ಲದ ಹೆಂಟೆ. ಒಂದರಲ್ಲಿ ಅರಿಷಿಣದ ಕೊಂಬು, ಐದು ಉತ್ತತ್ತಿ. ಮೂರನೆಯದರಲ್ಲಿ ಒಂದು ಹಿಡಿ ಜೋಳ. ಉಂಡಿ ಮಾತ್ರ ಎಲ್ಲಿಯೂ ಇಲ್ಲ. ಸಿಟ್ಟಿಗಿಂತ ಕುತೂಹಲ ಮೇಲಾಯಿತು. ಕಳ್ಳನಾದವನು ಅರಿಷಿಣದ ಕೊಂಬು ಇಟ್ಟು ಹೋಗುವುದಿಲ್ಲ. ತಿಂದು ಮೋಸ ಮಾಡುವವರು ಬೆಲ್ಲಕ್ಕೆ ಕುಂಕುಮ ಹಚ್ಚುವುದಿಲ್ಲ. ನಾಲ್ಕು ಡಬ್ಬಿಗಳನ್ನೂ ಪಡಸಾಲೆಯಲ್ಲಿ ಸಾಲಾಗಿ ಇಟ್ಟು, ಮುಚ್ಚಳಗಳನ್ನು ಮುಂದಿಟ್ಟು, ಎರಡು ದಿನ ನೋಡಿದೆ.

ಮೂರನೆಯ ದಿನ ಉಂಡಿಯ ಬುಟ್ಟಿ ಹೊತ್ತು ಭಾಲ್ಕಿಯಿಂದ ನೆಗೆಣ್ಣಿಯೇ ಬಂದಳು. ಡಬ್ಬಿಗಳ ಸಾಲನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

“ಅಕ್ಕಾ, ಬರೀ ಡಬ್ಬಿ ಹ್ಯಾಂಗ ವಾಪಸ್ ಕೊಡ್ತಾರ್ರಿ?”

ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ಒಮ್ಮೆಯೂ ಖಾಲಿ ಮರಳಿಸಿದವಳಲ್ಲ. ಏನೂ ಇಲ್ಲದ ದಿನ ಸಕ್ಕರೆಯ ನಾಲ್ಕು ಹರಳನ್ನಾದರೂ ಹಾಕಿದ್ದೇನೆ. ಅದೇ ರೂಢಿ ನನ್ನ ಅಂಗಳಕ್ಕೆ ಬಂದು ನಿಂತಾಗ ಗುರುತಿಸಲಿಲ್ಲ, ಏಕೆಂದರೆ ನಾನು ಡಬ್ಬಿಯನ್ನು ಪ್ಯಾಕಿಂಗ್ ಎಂದು ತಿಳಿದಿದ್ದೆ. ಅವರು ಅದನ್ನು ಪಾತ್ರೆ ಎಂದು ತಿಳಿದಿದ್ದರು. ಪಾತ್ರೆ ಕೊಟ್ಟವರ ಮನೆಗೆ ಮರಳಬೇಕು.

ಆದರೂ ಕೊರಿಯರಿನವರ ಕೈಯಂತ್ರದಲ್ಲಿ ‘ವಾಪಸು’ ಎಂದೇಕೆ ಬಂತೆಂಬುದು ಉಳಿಯಿತು. ಔರಾದ ಕಡೆಗೆ ಪಾರ್ಸಲ್ ಹಂಚುವ ನೌಕರ, ನಲವತ್ತರ ಸುಮಾರಿನ ಸಾವಧಾನದ ಮನುಷ್ಯ, ನಾನು ಕೇಳಿದಾಗ ಎಲ್ಲವನ್ನೂ ಬಿಡಿಸಿ ಹೇಳಿದ. ಬಾಗಿಲಿಗೆ ಹೋದ ಕೂಡಲೆ ಮನೆಯವರು ಅವನನ್ನು ಕೂಡಿಸಿ ಚಹಾ ಕೊಡುತ್ತಾರೆ. ಆತ ಚಹಾ ಕುಡಿಯುವಷ್ಟರಲ್ಲಿ ಉಂಡಿ ಸುರುವಿಕೊಂಡು, ಡಬ್ಬಿ ತೊಳೆದು ಒರೆಸಿ, ಏನಾದರೂ ಹಾಕಿ, ಕಳಿಸಿದವರಿಗೆ ಮುಟ್ಟಿಸಿ ಎಂದು ಅವನ ಕೈಗೇ ಕೊಡುತ್ತಾರೆ. ಬೇಡವೆಂದರೆ ಗಾಡಿಯ ಹಿಂದೆ ಓಡಿ ಬಂದು ಚೀಲಕ್ಕೆ ತುರುಕುತ್ತಾರೆ. ಸಂಜೆ ಶಾಖೆಯಲ್ಲಿ ಚೀಲ ತಪಾಸಣೆ ಆಗುತ್ತದೆ. ಮುಟ್ಟಿದೆ ಎಂದು ಗುಂಡಿ ಒತ್ತಿದ ಪಾರ್ಸಲಿನ ಡಬ್ಬಿ ಚೀಲದಲ್ಲಿ ಸಿಕ್ಕರೆ ಕಳವೆಂದು ಬರೆಯುತ್ತಾರೆ. ಹೀಗಾಗಿ ಅವನಿಗೆ ಉಳಿದದ್ದು ‘ವಾಪಸು’ ಎಂಬ ಗುಂಡಿಯೊಂದೇ. ವ್ಯವಸ್ಥಾಪಕರಲ್ಲಿ ನಾನೇ ಹೋಗಿ ವಿನಂತಿಸಿದೆ. ನಿಯಮ ನಿಯಮವೇ ಎಂದರು. ಚೀಲ ಇನ್ನೂ ಕುರ್ಚಿಯ ಮೇಲೆಯೇ ಇತ್ತು.

ಸುಲಭದ ಉಪಾಯವೊಂದು ಹೊಳೆಯಿತು. ‘ಈ ಡಬ್ಬಿ ನಿಮ್ಮದೇ, ಹಿಂತಿರುಗಿಸಬೇಡಿ’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿ ಮುಚ್ಚಳದ ಮೇಲೆ ಅಂಟಿಸಿದೆ. ಅದು ಇನ್ನೂ ಕೆಟ್ಟದ್ದಾಯಿತು. ಭಾಲ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ಮನೆಯ ಹಿರಿಯರು ಚೀಟಿ ಓದಿಸಿ ಕೇಳಿ, ನಮ್ಮ ಮನೆಗೆ ಪಾತ್ರೆ-ಭಾಂಡೆ ದಾನ ಮಾಡಲು ಇವರು ಯಾರು ಎಂದು ಕೇಳಿದರಂತೆ. ಡಬ್ಬಿ ತೆರೆಯದೆ ವಾಪಸು ಬಂತು. ಅವಮಾನವನ್ನು ನಾನು ಚೆನ್ನಾಗಿ ಬಲ್ಲೆ; ಅದನ್ನು ಅಚ್ಚು ಹಾಕಿಸಿ ಮನೆಮನೆಗೆ ಕಳಿಸಿದವಳು ನಾನೇ. ಚೀಟಿಗಳನ್ನೆಲ್ಲ ಕಿತ್ತೆ.

ಆ ವಾರದಲ್ಲೇ ಚಿಂತಾಕಿಯ ಅದೇ ಮನೆಗೆ ಹೋದ ಎರಡನೆಯ ಡಬ್ಬಿಯೂ ತೆರೆಯದೆ ಬಂತು. ಅದರ ಮೇಲೆ ಚೀಟಿ ಇರಲಿಲ್ಲ. ಬೆನ್ನಿಗೇ ತಾಣದವರ ಪತ್ರ: ಪಂಚಮಿಗೆ ಮೊದಲು ಇನ್ನೆರಡು ಪಾರ್ಸಲ್ ವಾಪಸಾದರೆ ಖಾತೆ ಮುಚ್ಚಲಾಗುವುದು. ಕಳಿಸುವುದನ್ನೆಲ್ಲ ನಿಲ್ಲಿಸಿದೆ. ಭಾಲ್ಕಿಯಲ್ಲಿ ಐವರು ಹೆಂಗಸರು ಕೈ ಕಟ್ಟಿ ಕೂತರು.

ಮರುದಿನ ಪುಣೆಯಿಂದ ಫೋನು. ಚಿಂತಾಕಿಯ ಡಬ್ಬಿಗಳನ್ನು ಬುಕ್ ಮಾಡಿದ ಮಗಳು. ಕಟ್ಟಡದ ಮೇಸ್ತ್ರಿಯ ಫೋನಿನಿಂದ ಮಾತನಾಡುತ್ತಿದ್ದಳು. ತಂಗಿಯನ್ನೂ ಕೆಲಸಕ್ಕೆಂದು ಜೊತೆಗೆ ಕರೆದುಕೊಂಡು ಹೋದದ್ದಕ್ಕೆ ತಾಯಿ ಸಿಟ್ಟಾಗಿದ್ದಾಳೆ, ಅದಕ್ಕೇ ತನ್ನ ಉಂಡಿ ಒಲ್ಲೆ ಎಂದಿದ್ದಾಳೆ ಎಂಬುದು ಆಕೆಯ ಲೆಕ್ಕ. ಮೂರನೆಯ ಡಬ್ಬಿಯನ್ನು ಆಗಲೇ ಬುಕ್ ಮಾಡಿದ್ದಳು. “ಇದೂ ತಗೋಳಿಲ್ಲಂದ್ರ ನಾ ಇನ್ನ ಮನಿಗಿ ಹೋಗಂಗಿಲ್ರಿ” ಎಂದಳು.

ನನ್ನ, ಆ ಮಗಳ ಇಬ್ಬರ ಹಣೆಬರಹವೂ ಒಂದೇ ಡಬ್ಬಿಗೆ ಗಂಟು ಬಿದ್ದಂತಾಯಿತು. ಬೀದರಿನಿಂದ ಔರಾದಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಚಿಂತಾಕಿಗೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬರಿಗೈಯಲ್ಲಿ ಹೋಗಿದ್ದೆ, ಏನನ್ನು ಒಯ್ದರೂ ಅದಕ್ಕೆ ಪ್ರತಿಯಾಗಿ ಅವರು ಏನಾದರೂ ಹುಡುಕಬೇಕಾಗುತ್ತದೆ ಎಂಬಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ತಾಯಿ ಐವತ್ತು ದಾಟಿದವರು, ಹಣೆ ತುಂಬ ವಿಭೂತಿ, ನಡುವೆ ಕುಂಕುಮ. ಗಂಡ, ಗಂಡುಮಕ್ಕಳು ಹೈದರಾಬಾದಿನಲ್ಲಿ. ಮನೆಯಲ್ಲಿ ಸೊಸೆ, ಇಬ್ಬರು ಮೊಮ್ಮಕ್ಕಳು, ಕೆಲವು ಆಡು. ಉಂಡಿ ಕಳಿಸುವ ಟೀಚರ್ ಬಾಯಿ ನಾನೇ ಎಂದು ಹೇಳಿಕೊಂಡೆ. ಶರಣಾರ್ಥಿ ಎಂದು ಕೈಮುಗಿದು, ಟ್ಯಾಂಕರಿನ ನೀರಿನಲ್ಲಿ ಅರ್ಧ ತಂಬಿಗೆ ಕೊಟ್ಟರು. ಅರ್ಧವೇ ಏಕೆಂದು ನಾನು ಕೇಳಲಿಲ್ಲ. ಡಬ್ಬಿ ಏಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಮಾತ್ರ ಕೇಳಿದೆ.

“ಮೊದಲಿಂದು ತಗೊಂಡೇನಲ್ರಿ. ಅದರಾಗ ಬೀಜದ ತೊಗರಿ ಹಾಕಿ ಕೊಟ್ಟೇನಿ. ಮಳೀನೇ ಇಲ್ಲ, ಬಿತ್ತೋದು ಎಲ್ಲಿ ಅದಾ? ಮಗಳರ ತಿನ್ಲಿ ಅಂತ. ಎರಡನೇದು ಬಂತು. ಮನ್ಯಾಗ ಕಂಟ್ರೋಲಿನ ರೇಷನ್ ಅಕ್ಕಿ ಬಿಟ್ರ ಏನಿಲ್ಲ. ಕಂಟ್ರೋಲಿನ ಅಕ್ಕಿ ಮಗಳಿಗಿ ಕಳಸ್ಲೇನ್ರಿ?”

ಬಿತ್ತನೆಯ ಬೀಜಕ್ಕೆ ಹುಳ ಬೀಳದಿರಲೆಂದು ಬೂದಿ ಹಚ್ಚಿಡುತ್ತಾರೆ. ನನ್ನ ಅಜ್ಜಿ ಹಚ್ಚುತ್ತಿದ್ದುದನ್ನು ನಾನು ಕಣ್ಣಾರೆ ಕಂಡವಳು. ಸಿಟ್ಟಿನಲ್ಲಿ ಅದು ನೆನಪಾಗಿರಲಿಲ್ಲ.

“ಆ ತೊಗರಿ ಆಕಿಗಿ ಮುಟ್ಟಿತೇನ್ರಿ?” ಎಂದರು.

ಡಬ್ಬಿ ಪುಣೆಗೆ ಹೋಗುತ್ತದೆಂದು ಅವರು ನಂಬಿದ್ದರು. ಹೌದೆಂದುಬಿಡಬಹುದಿತ್ತು. ನನ್ನ ನೋಟುಬುಕ್ಕು ಕೈಚೀಲದಲ್ಲೇ ಇತ್ತು. ಅದರಲ್ಲಿ ಗುರುವಾರ ಎಂದು ಬರೆದಿತ್ತು.

“ಇಲ್ಲವ್ವಾ. ನನಗ ಬಂತು. ನಾ ಬೇಯಿಸಿ ಉಂಡೇನಿ.”

ಸೊಸೆ ಅಕ್ಕಿಹಿಟ್ಟಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಾಯಿ ನನ್ನನ್ನೇ ನೋಡಿದರು.

“ಬೇಯ್ತೇನ್ರಿ? ಅದು ಲಗೂ ಬೇಯಂಗಿಲ್ಲ.”

“ಆರು ಸೀಟಿ ಆಯ್ತು.”

“ಆರೇ? ಭಾರಿ ಕುಕ್ಕರ್ ಅದಾ ಬಿಡ್ರಿ ನಿಮ್ದು” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಬದಲಿಗೆ ತೊಗರಿ ತಂದುಕೊಡುತ್ತೇನೆಂಬ ಮಾತು ನಾಲಿಗೆಯ ತುದಿಗೆ ಬಂದು, ಅದು ಇನ್ನೊಂದು ಡಬ್ಬಿಯೇ ಆಗುತ್ತದೆಂದು ಒಳಗೇ ಉಳಿಯಿತು.

ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಸಿಟ್ಟಿಲ್ಲ, ಡಬ್ಬಿಗೆ ಹಾಕಲು ಏನೂ ಇರಲಿಲ್ಲ ಎಂದು ತಾಯಿ ಹೇಳಿದರು. ಡಬ್ಬಿ ಖಾಲಿ ಕೊಟ್ಟರೇನು ಎಂದು ಮಗಳು ಕೇಳಿದಳೆಂದು ಕಾಣುತ್ತದೆ. ಆಗ ಮಾತ್ರ ತಾಯಿಯ ದನಿ ಬಿಗಿಯಾಯಿತು. ಹೆತ್ತವರ ಮನೆಯಿಂದ ಖಾಲಿ ಪಾತ್ರೆ ಹೊರಡುವುದಿಲ್ಲ ಎಂದು ಎರಡು ಸಲ ಹೇಳಿದರು. ಮೂರನೆಯ ಡಬ್ಬಿಯೂ ಬೇಡ ಎಂದರು. ತಾಯಿ-ಮಗಳ ನಡುವಿನ ತಪ್ಪು ತಿಳಿವಳಿಕೆ ಹೋಯಿತು. ನನ್ನ ಕಷ್ಟ ಇದ್ದಲ್ಲೇ ಇತ್ತು.

ಹೊರಡುವ ಮೊದಲು, ಕುತೂಹಲಕ್ಕೆಂದೇ ಒಂದು ಪ್ರಶ್ನೆ ಕೇಳಿದೆ. ಕೊಟ್ಟವರಿಗೆ ಏನನ್ನೂ ಮರಳಿಸಬೇಕಾಗದ ಕೊಡುಗೆ ಯಾವುದಾದರೂ ಇದೆಯೇ? ತಾಯಿ ಯೋಚಿಸತೊಡಗಿದರು. ಉತ್ತರ ಕೊಟ್ಟವಳು ಒಲೆಯ ಮುಂದಿದ್ದ ಸೊಸೆ, ಮುಖ ತಿರುಗಿಸದೆ: “ಉಡಿ ತುಂಬಿದ್ದು ಯಾರರ ವಾಪಸ್ ಕೊಡ್ತಾರೇನ್ರಿ?”

ಒಡ್ಡಿದ ಮಡಿಲ ಸೆರಗಿನಲ್ಲಿ ಬಿದ್ದದ್ದು ಮನೆಯೊಳಗೆ ಹೋಗುತ್ತದೆ. ಅದಕ್ಕೆ ಪಾತ್ರೆಯೇ ಇಲ್ಲ. ಮರಳುವ ಬಸ್ಸಿನಲ್ಲಿ ನಿರ್ಧರಿಸಿದೆ: ಡಬ್ಬಿಯನ್ನೇ ಕೈಬಿಡಬೇಕು.

ಭಾಲ್ಕಿಗೆ ಹೋಗಿ ಹೇಳಿದರೆ ನೆಗೆಣ್ಣಿ ಒಪ್ಪಲಿಲ್ಲ. ಗಿರಾಕಿ ಫೋಟೋದಲ್ಲಿ ಹೊಳೆಯುವ ಸ್ಟೀಲು ನೋಡಿ ಕೊಂಡಿದ್ದಾನೆ, ಬಟ್ಟೆಯ ಗಂಟು ಕಳಿಸಿದರೆ ಉಗುಳುತ್ತಾನೆ ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಬಟ್ಟೆಯಲ್ಲಿ ಕಟ್ಟಿದ ಉಂಡಿ ಪರಸಿಯ ಮೇಲೆ ಮೊದಲ ಸಲ ಬಿದ್ದಾಗಲೇ ಪುಡಿಯಾದದ್ದೂ ನಿಜ. ಬಟ್ಟೆಯೊಳಗೆ ಗಟ್ಟಿಯಾದದ್ದು ಬೇಕು, ಆದರೆ ಅದು ಪಾತ್ರೆಯಾಗಬಾರದು. ಉಂಡ ಮೇಲೆ ಬಿಸಾಡುವಂಥದ್ದಾಗಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳಿದಾಗ, ಉಂಡಿ ಕಟ್ಟುವ ಐವರಲ್ಲಿ ಒಬ್ಬಾಕೆ ಹಿತ್ತಲಿಗೆ ಹೋಗಿ ಮುತ್ತುಗದೆಲೆಯ ದೊನ್ನೆಗಳ ಒಂದು ಕಟ್ಟು ತಂದಿಟ್ಟಳು. ಬರದಲ್ಲೂ ಅಡವಿಯಲ್ಲಿ ಉಳಿದದ್ದು ಆ ಗಿಡವೊಂದೇ.

ಭಾಲ್ಕಿಯ ಆ ಮನೆಯಲ್ಲಿ ಒಂದು ವಾರ ಪರೀಕ್ಷೆ ನಡೆಯಿತು. ಒಣಗಿದ ದೊನ್ನೆ ಒತ್ತಿದರೆ ಸೀಳುತ್ತಿತ್ತು. ಹಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಾಯಿತು, ಆದರೆ ಹಾಗೆಯೇ ಕಟ್ಟಿದ್ದಕ್ಕೆ ಮೂರನೆಯ ದಿನ ಬೂಷ್ಟು ಹಿಡಿಯಿತು. ಮೆತ್ತಗಾದ ಮೇಲೆ ಒಂದು ತಾಸು ನೆರಳಿನಲ್ಲಿ ಆರಿಸಿದಾಗ ಬಾಗಿತು, ಸೀಳಲಿಲ್ಲ, ಬೂಷ್ಟೂ ಬರಲಿಲ್ಲ. ಒಂದು ದೊನ್ನೆಯಲ್ಲಿ ಆರು ಉಂಡಿ ಕೂರಿಸಿ, ಸಂದಿಗೆಲ್ಲ ಅಳ್ಳು ತುಂಬಿ, ಇನ್ನೊಂದನ್ನು ಅದರ ಬಾಯಿಗೆ ಬಾಯಿ ಹಚ್ಚಿ ಮುಚ್ಚಿ ದಾರ ಸುತ್ತಿದೆವು. ಮೂಲೆಯ ಮೇಲೆ ಬಿದ್ದಾಗ ಎರಡು ಉಂಡಿ ಒಡೆದವು. ಅಳ್ಳು ಸಾಲದಾಗಿತ್ತು. ಆಮೇಲೆ ಪ್ರತಿಯೊಂದನ್ನೂ ಕಿವಿಯ ಹತ್ತಿರ ಅಲುಗಿಸಿ ನೋಡಿದೆವು. ಒಳಗೆ ಸದ್ದಾದರೆ ಬಿಚ್ಚಿ ಮತ್ತೆ ತುಂಬಿದೆವು. ಇಂಥ ಎರಡು ಜೋಡಿಯನ್ನು ಖಣದಲ್ಲಿ ಕಟ್ಟಿ, ಖಣದ ಗಂಟಿಗೆ ಬಳೆ ಸಿಕ್ಕಿಸಿ, ಹೊರಗೆ ರಟ್ಟಿನ ಪೆಟ್ಟಿಗೆ. ರಟ್ಟನ್ನು ಯಾರೂ ಮರಳಿಸುವುದಿಲ್ಲ. ಮೂರು ಸಲ ಕೆಡವಿದರೂ ಹನ್ನೆರಡಕ್ಕೆ ಹನ್ನೆರಡು ಉಂಡಿ ಇಡಿಯಾಗಿ ಉಳಿದವು.

ತಾಣದಲ್ಲಿ ಫೋಟೋ ಬದಲಿಸಲು ಅನುಮತಿ ಬೇಕೆಂದರು. ಫೋನಿನಲ್ಲಿದ್ದ ಹೆಣ್ಣುಮಗಳು ನನ್ನ ತಾಳ್ಮೆಗೆ ಮೂರು ಸಲ ಧನ್ಯವಾದ ಹೇಳಿದಳು. ನನಗೆ ತಾಳ್ಮೆ ಇಲ್ಲವೆಂದು ಮೂರು ಸಲವೂ ಹೇಳಿದೆ. ಕೊನೆಗೆ ಅನುಮತಿ ಸಿಕ್ಕಿತು. ಬುಕ್ ಮಾಡಿದವರಿಗೆಲ್ಲ ನಾನೇ ಫೋನು ಮಾಡಿ, ಡಬ್ಬಿ ಬರುವುದಿಲ್ಲ, ಉಡಿ ಬರುತ್ತದೆ ಎಂದು ತಿಳಿಸಿದೆ. ಇಬ್ಬರು ಬುಕಿಂಗ್ ಬಿಟ್ಟರು. ಉಳಿದವರು ಒಪ್ಪಿದರು. ಕೆಲವರು ಕಾರಣ ಕೇಳಿದರು. ಹೇಳಿದೆ.

ಒಂದೇ ಸಲಕ್ಕೆ ಎಲ್ಲವನ್ನೂ ಕಳಿಸುವ ಧೈರ್ಯ ನನಗಿರಲಿಲ್ಲ. ಕಳಿಸುವುದನ್ನು ನಿಲ್ಲಿಸಿದಾಗ ಹಾದಿಯಲ್ಲಿದ್ದ ಒಂದು ಹಳೆಯ ಡಬ್ಬಿ ಅಷ್ಟರಲ್ಲಿ ವಾಪಸಾಗಿತ್ತು. ಇನ್ನೊಂದು ವಾಪಸಾದರೆ ಖಾತೆ ಮುಚ್ಚುತ್ತಿತ್ತು. ಯಾವ ಮನೆ ಖಂಡಿತವಾಗಿ ಬೇಡವೆಂದಿದೆಯೋ ಅದೇ ಮನೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸಿದೆ. ಅಲ್ಲಿ ನಿಂತರೆ ಎಲ್ಲೆಡೆ ನಿಲ್ಲುತ್ತದೆ; ಅಲ್ಲಿ ಬಿದ್ದರೆ ನನ್ನ ಲೆಕ್ಕವೇ ತಪ್ಪು. ನೆಗೆಣ್ಣಿ ಇದನ್ನು ಹಟ ಎಂದಳು. ಇರಬಹುದು.

ಚಿಂತಾಕಿಯ ಆ ಬಾಗಿಲಿಗೆ ಪಾರ್ಸಲಿನವನು ಹೋದಾಗ ನಾನು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಕರೆಯುವವರೆಗೆ ಮುಂದೆ ಹೋಗಬಾರದೆಂದು ನಿಶ್ಚಯಿಸಿದ್ದೆ. ತಾಯಿ ಹೊರಗೆ ಬಂದು ಕೈ ಅಡ್ಡ ಹಿಡಿದರು. ಅವನು ಪೆಟ್ಟಿಗೆಯ ರಟ್ಟು ಬಿಚ್ಚಿದ. ಖಣದ ಗಂಟು ಕಾಣಿಸಿತು. ಗಂಡಸಿನ ಕೈಯಿಂದ ಉಡಿ ತುಂಬಿಸಿಕೊಳ್ಳುವುದಿಲ್ಲ, ಇದನ್ನು ಅವನಿಗೆ ಮೊದಲೇ ಹೇಳಿದ್ದೆ. ಅವನು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಸೊಸೆ ಕೈ ಒರೆಸಿಕೊಂಡು ಬಂದು ಗಂಟನ್ನು ಎತ್ತಿದಳು.

“ಉಡಿ ಒಡ್ರಿ ಅತ್ತಿ. ಮಗಳು ಕಳಿಸ್ಯಾಳ.”

ತಾಯಿ ಪೆಟ್ಟಿಗೆಯ ಒಳಗೆ ಇಣುಕಿ ನೋಡಿದರು. ಮಗುಚಿ ಕೂಡ ನೋಡಿದರು. ಡಬ್ಬಿ ಇರಲಿಲ್ಲ. ಆಮೇಲೆ ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಹಿಡಿದು ಒಡ್ಡಿದರು.

ನನ್ನನ್ನು ಆಗ ಕಂಡು ಕರೆದರು. ಕಟ್ಟೆಯ ಮೇಲೆ ಕೂತು ದಾರ ಬಿಚ್ಚಿ, ಮೊಮ್ಮಕ್ಕಳಿಗೆ, ಸೊಸೆಗೆ, ಪಾರ್ಸಲಿನವನಿಗೆ, ನನಗೆ ಒಂದೊಂದು ಉಂಡಿ ಕೊಟ್ಟು ತಾವೊಂದು ತಿಂದರು. ಖಣವನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡಿದರು. ಒಂದು ಜೋಡಿ ದೊನ್ನೆ ಖಾಲಿಯಾಯಿತು. ಪಾರ್ಸಲಿನವನು ಯಂತ್ರ ಹಿಡಿದು ನಿಂತಿದ್ದ; ರೂಢಿಯಂತೆ ಏನಾದರೂ ಕೈಗೆ ಬರುತ್ತದೋ ಎಂದು ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ. ತಾಯಿ ಖಾಲಿ ದೊನ್ನೆಯನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಯೋಚಿಸಿದಂತೆ ಕಂಡರು. ಬೆಲ್ಲದ ಜಿಗುಟು ಹತ್ತಿದ ಆ ಎಲೆಗೆ ಕಟ್ಟೆಯ ಕೆಳಗಿದ್ದ ಆಡು ಬಾಯಿ ಹಾಕಿತು. ಅವರು ಬಿಡಿಸಿಕೊಳ್ಳಲಿಲ್ಲ.

“ಆಯ್ತಲ್ರಿ ಬಾಯಿ,” ಎಂದರು, “ಇನ್ನ ಕೊಡಾಕ ಏನ್ ಉಳೀತು?”

ಪಾರ್ಸಲಿನವನು ‘ಮುಟ್ಟಿದೆ’ ಎಂಬ ಗುಂಡಿ ಒತ್ತಿ, ಸಹಿಗೆಂದು ಯಂತ್ರವನ್ನು ಮುಂದೆ ಚಾಚಿದ. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಅದರ ಗಾಜಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು.